ನನ್ನ ಐದು ಟಿಕೆಟ್, ಭಾವನ ಮೂರು ಟಿಕೆಟ್

ಅಪ್ಪನ ವರ್ಷಾಬ್ದಿಕ ಮುಗಿದ ವಾರ ಅಮ್ಮ ಮಾತು ತೆಗೆದರು. "ಗಯಾದಲ್ಲಿ ಒಂದು ಪಿಂಡ ಹಾಕಿ ಬಂದುಬಿಡೋಣ. ಕಾಶಿನೂ ನೋಡಿದ ಹಾಗಾಗತ್ತೆ." ಪುರೋಹಿತರು ದಿನ ಗೊತ್ತು ಮಾಡಿದರು. ನಮ್ಮ ಮನೆಯಲ್ಲಿ ಐದು ಜನ, ಅಕ್ಕನ ಮನೆಯಲ್ಲಿ ಮೂರು ಜನ, ಒಟ್ಟು ಎಂಟು. ಬೆಂಗಳೂರಿನಿಂದ ವಾರಾಣಸಿಗೆ ನೇರ ವಿಮಾನ, ಹೋಗಿಬರಲು ತಲೆಗೆ 13,000 ರೂಪಾಯಿ. ಒಂದು ಕಂಪನಿ ಭರ್ಜರಿ ಆಫರ್ ಬಿಟ್ಟಿತ್ತು. ಅದರ ಹೆಸರು ಇಲ್ಲಿ ಬೇಡ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವನು. ಯಾರಿಗೆ ಎಷ್ಟು ಮುಂಗಡ ಕೊಟ್ಟಿದ್ದೇವೆ, ಮಾಲು ಬಂತಾ ಇಲ್ಲವಾ ಅಂತ ನೋಡುವುದೇ ನನ್ನ ಕೆಲಸ. ಹಾಗಿದ್ದೂ ವಿಮಾನದ ಟಿಕೆಟ್ ಕೂಡ ಒಂದು ಮುಂಗಡ ಅನ್ನುವುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮೂರು ತಿಂಗಳ ಮೊದಲೇ ದುಡ್ಡು ಕೊಡುತ್ತೇವೆ, ಕೈಗೆ ಬರುವುದು ಒಂದು ಪಿಡಿಎಫ್. ನಮ್ಮ ಕಾರ್ಖಾನೆಯಲ್ಲಿ ಯಾವನಾದರೂ ಸಪ್ಲೈಯರ್ ಇದೇ ಷರತ್ತಿನಲ್ಲಿ ದುಡ್ಡು ಕೇಳಿದ್ದರೆ ಸಾಹೇಬರು ಗೇಟಿನಿಂದಲೇ ಕಳಿಸುತ್ತಿದ್ದರು.

ನಮ್ಮ ಐದು ಟಿಕೆಟನ್ನು ನಾನು ಕಂಪನಿಯ ಸ್ವಂತ ವೆಬ್‌ಸೈಟಿನಲ್ಲೇ ಕ್ರೆಡಿಟ್ ಕಾರ್ಡಿನಿಂದ ಮಾಡಿದೆ, 65,000 ರೂಪಾಯಿ. ಇದರಲ್ಲಿ ಜಾಣತನ ಏನೂ ಇರಲಿಲ್ಲ. ಕಾರ್ಡಿನ ಪಾಯಿಂಟ್ ಆಸೆ, ಅಷ್ಟೇ. ಭಾವ ತಮ್ಮ ಮೂರು ಟಿಕೆಟನ್ನು ಒಂದು ಏಜೆಂಟ್ ಆ್ಯಪಿನಲ್ಲಿ ಯುಪಿಐ ಮೂಲಕ ಮಾಡಿದರು. ಅಲ್ಲಿ ತಲೆಗೆ ಇನ್ನೂರು ಕಮ್ಮಿ ಇತ್ತು. ಆ ಇನ್ನೂರರ ಬಗ್ಗೆ ನನಗೆ ಫೋನ್ ಮಾಡಿ ಹೇಳಿಯೂ ಇದ್ದರು.

ಒಂದು ತಿಂಗಳಿಗೆ ಗಾಳಿ ಬದಲಾಯಿತು. ಮೊದಲು ಒಂದು ಮೆಸೇಜು, ವಿಮಾನದ ಹೊತ್ತು ಎರಡು ಗಂಟೆ ಮುಂದಕ್ಕೆ. ಹತ್ತು ದಿನಕ್ಕೆ ಇನ್ನೊಂದು, ಈ ಸಲ ವಿಮಾನದ ನಂಬರೇ ಬೇರೆ. ಸಿಬ್ಬಂದಿಗೆ ಸಂಬಳ ತಡವಾಗಿದೆ ಅಂತ ಪೇಪರಿನ ವಾಣಿಜ್ಯ ಪುಟದಲ್ಲಿ ಸಣ್ಣ ಸುದ್ದಿ ಬಂತು. ಬೆಂಗಳೂರಿನವರಿಗೆ ಈ ಕಥೆ ಹೊಸದಲ್ಲ. ವಿಟ್ಠಲ್ ಮಲ್ಯ ರಸ್ತೆಯ ಯುಬಿ ಸಿಟಿಯ ಮುಂದೆ ಓಡಾಡಿದವರಿಗೆಲ್ಲ ಕಿಂಗ್‌ಫಿಷರ್ ವಿಮಾನ ಕಂಪನಿ ನೆನಪಿದೆ. ಅಲ್ಲೂ ಮೊದಲು ಸಂಬಳ ನಿಂತಿತು, ಆಮೇಲೆ ನೌಕರರು ಕೆಲಸ ನಿಲ್ಲಿಸಿದರು, 2012ರ ಅಕ್ಟೋಬರಿನಲ್ಲಿ ವಿಮಾನಯಾನದ ಮೇಲ್ವಿಚಾರಣೆ ನೋಡುವ ಡಿಜಿಸಿಎ ಲೈಸೆನ್ಸ್ ತಡೆಹಿಡಿಯಿತು. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರ ರಾತ್ರಿ ಅಮೃತಸರದಿಂದ ಮುಂಬೈಗೆ ಕೊನೆಯ ವಿಮಾನ ಹಾರಿಸಿ ನಿಂತಿತು. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ನಿಂತಿತು. ಎಂಜಿನ್‌ಗಳು ಸಿಗದೆ ಅರ್ಧದಷ್ಟು ವಿಮಾನ ನೆಲದ ಮೇಲೇ ಕೂತಿವೆ ಅಂತ ಅವರು ಹೇಳಿದ್ದರು. ಕಾರಣ ಬೇರೆ ಬೇರೆ. ಟಿಕೆಟ್ ಕೊಂಡವರಿಗೆ ಕಾಣುವ ಗುರುತುಗಳು ಮಾತ್ರ ಹೆಚ್ಚೂಕಮ್ಮಿ ಒಂದೇ: ಸಂಬಳ ಬಾಕಿ, ಪದೇ ಪದೇ ಬದಲಾಗುವ ವೇಳೆ, ಬಾಡಿಗೆಗೆ ಕೊಟ್ಟವರು ವಿಮಾನ ವಾಪಸ್ ಕೇಳುವುದು, ಎಣ್ಣೆ ಕಂಪನಿ ಸಾಲ ನಿಲ್ಲಿಸಿ ಕೈಗೆ ಕಾಸು ಕೇಳುವುದು. ಅದರ ನಡುವೆಯೇ ನಂಬಲಾಗದಷ್ಟು ಅಗ್ಗದ ಆಫರ್. ದಿನದ ಖರ್ಚಿಗೆ ದುಡ್ಡಿಲ್ಲದವನು ನಾಳೆಯ ಟಿಕೆಟ್ ಇವತ್ತೇ ಮಾರುತ್ತಾನೆ, ಅಲ್ವಾ?

ಆಗ ನಾನು ಮಾಡಿದ ಮೊದಲ ಕೆಲಸ ರೈಲು ಟಿಕೆಟ್. ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಎಂಟು ಜನಕ್ಕೂ ಥರ್ಡ್ ಎಸಿ ಹಾಕಿದೆ. ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್, ಅಂದರೆ ಹಳೆಯ ಮೊಘಲ್‌ಸರಾಯ್‌ನಲ್ಲಿ ಇಳಿದರೆ ಕಾಶಿ ಆಟೋ ದೂರ. ಸಿಕ್ಕಿದ್ದು ವೇಟಿಂಗ್ ಲಿಸ್ಟ್. ಇರಲಿ ಅಂದುಕೊಂಡೆ. ಬೇಡವಾದರೆ ಹೋಗುವುದು ಕ್ಯಾನ್ಸಲೇಷನ್ ಖರ್ಚು. ಗಯಾದ ದಿನ ತಪ್ಪಿದರೆ ಅಮ್ಮನ ಮುಖ ನೋಡುವುದು ಹೇಗೆ?

ಎರಡನೆಯ ಕೆಲಸ, ವಿಮಾನದ ಟಿಕೆಟನ್ನು ಮುಟ್ಟದೆ ಬಿಟ್ಟದ್ದು. ಕೇಳಲು ಸುಲಭ, ಆದರೆ ಇದೇ ಕಷ್ಟ. ಸುದ್ದಿ ಓದಿದ ಕೂಡಲೇ ಕೈ ಕ್ಯಾನ್ಸಲ್ ಬಟನ್ ಕಡೆಗೇ ಹೋಗುತ್ತದೆ. ಭಾವ ಒತ್ತಿಯೇಬಿಟ್ಟರು. "ಮುಳುಗೋ ಹಡಗಿನಿಂದ ಮೊದಲು ಇಳಿದವನೇ ಜಾಣ ಕಣೋ" ಅಂತ ನನಗೇ ಬುದ್ಧಿ ಹೇಳಿದರು. ತಲೆಗೆ 3,500 ಕಡಿತ. ಉಳಿದದ್ದು ವಿಮಾನ ಕಂಪನಿಯಿಂದ ಬಂದ ಮೇಲೆ ಹಾಕುತ್ತೇವೆ ಅಂತ ಆ್ಯಪ್ ಹೇಳಿತು.

ನೀವೇ ಕ್ಯಾನ್ಸಲ್ ಮಾಡಿದರೆ ಲೆಕ್ಕವೇ ಬದಲಾಗುತ್ತದೆ. ಆಗ ನೀವು ಮನಸ್ಸು ಬದಲಿಸಿದ ಗಿರಾಕಿ. ಸಿಗುವುದು ಕಡಿತ ಹೋಗಿ ಉಳಿದದ್ದು, ಅದೂ ಕೊಡುವವನ ಹತ್ತಿರ ಇದ್ದರೆ. ಕಂಪನಿಯೇ ರದ್ದು ಮಾಡಿದರೆ ಪೂರ್ತಿ ದುಡ್ಡು ಅಥವಾ ಬೇರೆ ವಿಮಾನ ಕೇಳುವ ಹಕ್ಕು ನಿಮ್ಮದು. "ದುಡ್ಡು ಕೊಟ್ಟೆ, ಸೇವೆ ಸಿಗಲಿಲ್ಲ" ಅಂತ ಬ್ಯಾಂಕಿನ ಮುಂದೆ ನಿಲ್ಲಲೂ ಬಾಯಿ ಇರುತ್ತದೆ.

ಹೊರಡಲು ಹನ್ನೆರಡು ದಿನ ಇರುವಾಗ ಕಂಪನಿ ಹಾರಾಟ ನಿಲ್ಲಿಸಿತು. ಬೆಳಿಗ್ಗೆ ಆರಕ್ಕೆ ಮೆಸೇಜು. ಜೊತೆಗೆ ಒಂದು ಲಿಂಕು. ಒತ್ತಿದರೆ ಎರಡು ಆಯ್ಕೆ. ದೊಡ್ಡದಾಗಿ ಹಸಿರು ಬಣ್ಣದಲ್ಲಿ "ಕ್ರೆಡಿಟ್ ಪಡೆಯಿರಿ, ಮುಂದೆ ಯಾವಾಗ ಬೇಕಾದರೂ ಹಾರಿ". ಕೆಳಗೆ ಸಣ್ಣಕ್ಷರದಲ್ಲಿ "ಮರುಪಾವತಿ". ನಿಂತುಹೋದ ಕಂಪನಿಯ ಕ್ರೆಡಿಟ್ ಇಟ್ಟುಕೊಂಡು ಎಲ್ಲಿಗೆ ಹಾರುವುದು? ಹಸಿರು ಬಟನ್ ಒತ್ತಿದ್ದರೆ ನಾನು ಬದಲಿ ವಸ್ತು ಒಪ್ಪಿಕೊಂಡ ಹಾಗಾಗಿ ಬ್ಯಾಂಕಿನ ದಾರಿ ಮುಚ್ಚುತ್ತಿತ್ತು. ಮರುಪಾವತಿ ಒತ್ತಿದೆ, ಅದೇ ಮಾತನ್ನು ಇಮೇಲಿನಲ್ಲೂ ಬರೆದೆ. ಒಂದು ವಾರ ಕಾದೆ. ಡಿಜಿಸಿಎ ನಿಯಮದ ಪ್ರಕಾರ ಕ್ರೆಡಿಟ್ ಕಾರ್ಡಿಗೆ ಏಳು ದಿನದಲ್ಲಿ ವಾಪಸ್ ಮಾಡಬೇಕಿತ್ತು. ಬರಲಿಲ್ಲ.

ಎಂಟನೆಯ ದಿನ ಬ್ಯಾಂಕಿಗೆ ಫೋನ್. ಆ ಕಡೆಯ ಹುಡುಗ "ಸರ್, ನೀವು ಏರ್‌ಲೈನ್‌ನವರನ್ನೇ ಕೇಳಬೇಕು" ಅಂದ. ಹಾಗೆ ಹೇಳಿಯೇ ಹೇಳುತ್ತಾರೆ. ರೀಫಂಡ್ ಅನ್ನುವ ಪದ ಬಳಸಿದರೆ ಮಾತು ಅಲ್ಲೇ ಮುಗಿಯುತ್ತದೆ. "ನನಗೆ ಡಿಸ್ಪ್ಯೂಟ್ ಹಾಕಬೇಕು, ಸೇವೆ ಸಿಕ್ಕಿಲ್ಲ ಅನ್ನುವ ಕಾರಣಕ್ಕೆ ಚಾರ್ಜ್‌ಬ್ಯಾಕ್ ಬೇಕು" ಅಂದೆ. ಚಾರ್ಜ್‌ಬ್ಯಾಕ್ ಅಂದರೆ ಕಾರ್ಡಿನಿಂದ ಹೋದ ದುಡ್ಡನ್ನು ಬ್ಯಾಂಕಿನ ಮೂಲಕವೇ ವಾಪಸ್ ಪಡೆಯುವುದು. ಧ್ವನಿ ಬದಲಾಯಿತು, ಫಾರಂ ಇಮೇಲಿಗೆ ಬಂತು. ಟಿಕೆಟ್, ಕಾರ್ಡ್ ಸ್ಟೇಟ್‌ಮೆಂಟ್, ರದ್ದಾದ ಮೆಸೇಜು, ನಾನು ಬರೆದ ಇಮೇಲು, ಇಷ್ಟನ್ನು ಕಳಿಸಿದೆ. ಒಂದು ಸಲ ವಾಪಸ್ ಬಂತು, ಯಾಕೆಂದರೆ ಮೆಸೇಜಿನ ಸ್ಕ್ರೀನ್‌ಶಾಟಿನಲ್ಲಿ ತಾರೀಖು ಕಾಣುತ್ತಿರಲಿಲ್ಲ. ಇಪ್ಪತ್ತು ವರ್ಷ ವೋಚರ್ ನೋಡಿದವನು ತಾರೀಖು ಬಿಟ್ಟಿದ್ದೆ. ಹೆಂಡತಿ ಇನ್ನೂ ಅದನ್ನು ಎತ್ತಿ ಆಡುತ್ತಾಳೆ.

ಹತ್ತು ದಿನದಲ್ಲಿ 65,000 ತಾತ್ಕಾಲಿಕವಾಗಿ ಜಮಾ ಆಯಿತು. ಆ ಕಡೆಯವರು ತಕರಾರು ಮಾಡಿದರೆ ಮತ್ತೆ ಕಡಿತ ಮಾಡುತ್ತೇವೆ ಅಂತ ಕೆಳಗೆ ಬರೆದಿತ್ತು. ಎರಡು ತಿಂಗಳ ಮೇಲೆ ಅದೇ ಕಾಯಂ ಆಯಿತು. ಈ ನಡುವೆ ಕಾರ್ಡಿನ ಬಿಲ್ ಕಟ್ಟುವುದನ್ನು ನಾನು ನಿಲ್ಲಿಸಲಿಲ್ಲ. ಸಿಟ್ಟಿನಲ್ಲಿ ಬಿಲ್ ನಿಲ್ಲಿಸಿ ಬಡ್ಡಿ ತಲೆಗೆ ಕಟ್ಟಿಕೊಂಡವರನ್ನು ಆಫೀಸಿನಲ್ಲೇ ನೋಡಿದ್ದೇನೆ. ವೀಸಾ, ಮಾಸ್ಟರ್‌ಕಾರ್ಡ್ ಎರಡರಲ್ಲೂ ಸಾಮಾನ್ಯವಾಗಿ ಸೇವೆ ಸಿಗಬೇಕಿದ್ದ ದಿನದಿಂದ 120 ದಿನ ಅವಕಾಶ ಇರುತ್ತದೆ. ಡೆಬಿಟ್ ಕಾರ್ಡಿನಲ್ಲೂ ಇದನ್ನು ಹಾಕಬಹುದು, ಆದರೆ ಅಲ್ಲಿ ತೀರ್ಮಾನ ಆಗುವವರೆಗೆ ಸಿಕ್ಕಿಹಾಕಿಕೊಳ್ಳುವುದು ನಮ್ಮ ಖಾತೆಯ ಸ್ವಂತ ದುಡ್ಡು.

ದಿವಾಳಿ ಅಂಚಿನ ಕಂಪನಿಯಿಂದ ದುಡ್ಡು ಬಂದದ್ದಾದರೂ ಹೇಗೆ? ಅವರು ಕೊಟ್ಟದ್ದಲ್ಲ. ಕಾರ್ಡಿನ ದುಡ್ಡನ್ನು ಕಂಪನಿಯ ಪರವಾಗಿ ವಸೂಲಿ ಮಾಡುವ ಬ್ಯಾಂಕ್ ಒಂದು ಇರುತ್ತದೆ. ಕಂಪನಿಯ ಕೈ ಖಾಲಿಯಾದರೆ ಚಾರ್ಜ್‌ಬ್ಯಾಕಿನ ಹೊರೆ ಆ ಬ್ಯಾಂಕಿನ ಮೇಲೆ. ಅದಕ್ಕೇ ಅನುಮಾನ ಬಂದ ಕೂಡಲೇ ಆ ಬ್ಯಾಂಕುಗಳು ಟಿಕೆಟ್ ಮಾರಿದ ದುಡ್ಡಿನಲ್ಲಿ ಒಂದು ಪಾಲನ್ನು ತಡೆದು ಇಟ್ಟುಕೊಳ್ಳುತ್ತವೆ. ಉಸಿರಾಡುತ್ತಿದ್ದ ಕಂಪನಿಗೆ ಅದರಿಂದಲೂ ಕತ್ತು ಹಿಚುಕಿದ ಹಾಗಾಗುತ್ತದೆ. ಪಾಪ ಅನಿಸುತ್ತದೆ, ಆದರೆ ನನ್ನ 65,000 ಉಳಿದದ್ದು ಈ ಏರ್ಪಾಡಿನಿಂದ.

ಭಾವನ ಸ್ಟೇಟ್‌ಮೆಂಟಿನಲ್ಲಿ ಇದ್ದದ್ದು ವಿಮಾನ ಕಂಪನಿಯ ಹೆಸರಲ್ಲ, ಏಜೆಂಟಿನ ಹೆಸರು. ಏಜೆಂಟ್ ಹೇಳಿದ: ನಾವು ದುಡ್ಡು ಆಗಲೇ ವಿಮಾನದವರಿಗೆ ದಾಟಿಸಿದ್ದೇವೆ. ವಿಮಾನದವರ ಕಡೆಯಿಂದ ಉತ್ತರವೇ ಇಲ್ಲ. ಏಜೆಂಟ್ ಕಂಪನಿಯ ಪ್ರತಿನಿಧಿ, ಮರುಪಾವತಿಯ ಹೊಣೆ ವಿಮಾನ ಕಂಪನಿಯದೇ ಅಂತ ನಿಯಮ ಹೇಳುತ್ತದೆ. ನಿಂತ ಕಂಪನಿಗೆ ಆ ಸಾಲನ್ನು ಓದಿ ಹೇಳುವವರು ಯಾರು? ಏರ್‌ಸೇವಾ ಅನ್ನುವ ಸರ್ಕಾರಿ ತಾಣದಲ್ಲಿ ದೂರು ಕೊಟ್ಟೆವು. ಗ್ರಾಹಕ ಸಹಾಯವಾಣಿ 1915ಕ್ಕೂ ಮಾಡಿದೆವು. ಗ್ರಾಹಕ ಆಯೋಗಕ್ಕೆ ಹೋಗೋಣ, ಐದು ಲಕ್ಷದವರೆಗೆ ಫೀಸೂ ಇಲ್ಲ ಅಂದೆ. "ಓಡಾಡೋದು ಯಾರು?" ಅಂದರು. ದಿವಾಳಿ ಕೇಸು ಎನ್‌ಸಿಎಲ್‌ಟಿ, ಅಂದರೆ ಕಂಪನಿ ಕಾನೂನು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರೆ ಇನ್ನೂ ಬಿಗಿ. ಅಲ್ಲಿ ಅರ್ಜಿ ಒಪ್ಪಿದ ದಿನದಿಂದ ಕಂಪನಿಯ ಮೇಲಿನ ವಸೂಲಿ ಮೊಕದ್ದಮೆಗಳಿಗೆ ತಡೆ ಬೀಳುತ್ತದೆ. ಪ್ರಯಾಣಿಕರು ಕ್ಲೇಮ್ ಫಾರಂ ತುಂಬಿ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಗೋ ಫಸ್ಟ್ ಅರ್ಜಿಯನ್ನು 2023ರ ಮೇ 10ರಂದು ಒಪ್ಪಿಕೊಂಡರು, ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು ಆದೇಶ ಆದದ್ದು 2025ರ ಜನವರಿಯಲ್ಲಿ. ಬ್ರಿಟನ್ನಿನಲ್ಲಿ ಪ್ಯಾಕೇಜ್ ಪ್ರವಾಸ ಕೊಂಡವರಿಗೆ ಕಂಪನಿ ಮುಳುಗಿದರೆ ದುಡ್ಡು ಉಳಿಸುವ ಆಟಾಲ್ ಅಂತ ಒಂದು ರಕ್ಷಣೆ 1973ರಿಂದಲೇ ಇದೆ. ನಮ್ಮಲ್ಲಿ ಅಂಥದ್ದಿಲ್ಲ.

ಕಾಶಿಗೆ ಹೋಗಿ ಬಂದೆವು. ವೇಟಿಂಗ್ ಲಿಸ್ಟ್ ಹೋಗುವಾಗ ಪೂರ್ತಿ ಕನ್ಫರ್ಮ್ ಆಯಿತು, ಬರುವಾಗ ಇಬ್ಬರು ಒಂದೇ ಬರ್ತಿನಲ್ಲಿ ಕೂತು ಬಂದೆವು. ಅಮ್ಮ ಡಬ್ಬಿಯಲ್ಲಿ ತಂದ ಚಪಾತಿ, ಚಟ್ನಿಪುಡಿ ಎರಡು ದಿನ ನಡೆಯಿತು. "ವಿಮಾನದಲ್ಲಿ ಇಷ್ಟೆಲ್ಲ ತಿನ್ನೋಕೆ ಬಿಡ್ತಿದ್ರಾ?" ಅಂದರು.

ಆಮೇಲೆ ಅಕ್ಕನ ಮಗಳು ಓದಲು ಜರ್ಮನಿಗೆ ಹೊರಟಳು. ಯುರೋಪಿನ ಒಂದು ಕಂಪನಿ, ದಾರಿಯಲ್ಲಿ ಒಂದು ಕಡೆ ವಿಮಾನ ಬದಲಾವಣೆ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರಲಿ ಅಂತ ಹಟ ಮಾಡಿದ್ದೆ. ಬೇರೆ ಬೇರೆ ಕೊಂಡರೆ ಎಂಟು ಸಾವಿರ ಉಳಿಯುತ್ತಿತ್ತು. ಆದರೆ ಮೊದಲನೆಯದು ರದ್ದಾದರೆ ಎರಡನೆಯದು ನಮ್ಮ ಹಣೆಬರಹ. ಹೊರಡಲು ಮೂರು ದಿನ ಇರುವಾಗ ಆ ಕಂಪನಿಯ ಪೈಲಟ್‌ಗಳು ಮುಷ್ಕರ ಅಂದರು.

ಇಲ್ಲಿ ನಾನು ಕಾಶಿಯ ಪಾಠವನ್ನೇ ಹೇಳಿಕೊಟ್ಟಿದ್ದರೆ ಕೆಡುತ್ತಿತ್ತು. ಮುಳುಗುವ ಕಂಪನಿ ಬೇರೆ, ಮುಷ್ಕರದ ಕಂಪನಿ ಬೇರೆ. ಮುಳುಗುವವನ ಹತ್ತಿರ ದುಡ್ಡು ಕೇಳಬೇಕು. ಮುಷ್ಕರದವನು ಬದುಕಿದ್ದಾನೆ, ನಾಡಿದ್ದು ಮತ್ತೆ ಹಾರುತ್ತಾನೆ. ಅವನ ಹತ್ತಿರ ಸೀಟು ಕೇಳಬೇಕು. ಆ್ಯಪಿನಲ್ಲಿ ರೀಫಂಡ್ ಬಟನ್ ಎದ್ದು ಕಾಣುತ್ತಿತ್ತು. ಒತ್ತಿದ್ದರೆ ಹಳೆಯ ಬೆಲೆ ಕೈಗೆ ಬರುತ್ತಿತ್ತು, ಹೊಸ ಟಿಕೆಟಿಗೆ ಅದರ ಎರಡೂವರೆ ಪಟ್ಟು ಕೊಡಬೇಕಿತ್ತು. ಒತ್ತಬೇಡ ಅಂದೆ. ಎರಡು ಗಂಟೆ ಫೋನ್ ಹಿಡಿದು ಕೂತು, ಬೇರೆ ಕಂಪನಿಯ ವಿಮಾನದಲ್ಲಾದರೂ ಸರಿ, ಕಳಿಸಿ ಅಂತ ಕೇಳಿದಳು. ಮಾರನೆಯ ದಿನದ ಸೀಟು ಕೊಟ್ಟರು, ಹೆಚ್ಚಿಗೆ ಒಂದು ರೂಪಾಯಿ ಇಲ್ಲದೆ.

ಯುರೋಪಿನ ಕಂಪನಿ ಯುರೋಪಿಗೆ ಹಾರಿಸುವ ವಿಮಾನ ಬೆಂಗಳೂರಿನಿಂದ ಹೊರಟರೂ ಪ್ರಯಾಣಿಕರಿಗೆ ಪರಿಹಾರ ಕೊಡಿಸುವ ಅವರ 261ನೇ ನಿಯಮ ಅನ್ವಯವಾಗುತ್ತದೆ. 3,500 ಕಿಲೋಮೀಟರಿಗಿಂತ ಜಾಸ್ತಿ ದೂರಕ್ಕೆ ಪರಿಹಾರ 600 ಯೂರೋ. ಮುಷ್ಕರ ನಮ್ಮ ಕೈಮೀರಿದ್ದು ಅಂತ ಕಂಪನಿ ಮೊದಲು ಬರೆಯಿತು. ಸ್ವಂತ ಸಿಬ್ಬಂದಿ ಸಂಬಳಕ್ಕೆ ಮಾಡುವ ಮುಷ್ಕರಕ್ಕೆ ಆ ನೆಪ ನಡೆಯುವುದಿಲ್ಲ ಅಂತ ಯುರೋಪಿನ ನ್ಯಾಯಾಲಯ 2021ರಲ್ಲಿ ಎಸ್‌ಎಎಸ್ ಅನ್ನುವ ವಿಮಾನ ಕಂಪನಿಯ ಪೈಲಟ್‌ಗಳ ಪ್ರಕರಣದಲ್ಲಿ ಹೇಳಿದೆ. ಅದನ್ನು ಎರಡು ಸಾಲಿನಲ್ಲಿ ಬರೆದಳು. ನಾಲ್ಕು ತಿಂಗಳಿಗೆ ದುಡ್ಡು ಬಂತು. ನಮ್ಮ ದೇಶದ ನಿಯಮದಲ್ಲಿ ಮುಷ್ಕರ ಕೈಮೀರಿದ ಕಾರಣಗಳ ಪಟ್ಟಿಯಲ್ಲೇ ಇದೆ, ಹಾಗಾಗಿ ಪರಿಹಾರ ಸಿಗುವುದಿಲ್ಲ. ಬದಲಿ ವಿಮಾನ ಅಥವಾ ಪೂರ್ತಿ ದುಡ್ಡು, ಎರಡರಲ್ಲಿ ಒಂದಂತೂ ಸಿಗಲೇಬೇಕು.

ಇನ್ಶೂರೆನ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಕೊಂಡ ಪಾಲಿಸಿಯ ಹೊರಗಿಟ್ಟ ಕಾರಣಗಳ ಪುಟದಲ್ಲಿ ವಿಮಾನ ಕಂಪನಿಯ ದಿವಾಳಿ ಮೊದಲ ಅರ್ಧದಲ್ಲೇ ಇತ್ತು. ಮುಷ್ಕರ ಘೋಷಣೆ ಆದ ಮೇಲೆ ಕೊಂಡರೆ ಅದೂ ಇಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಯಾರು ವಿಮೆ ಕೊಡುತ್ತಾರೆ?

ಭಾವನ ಫೋನಿನಲ್ಲಿ ಆ ಏಜೆಂಟ್ ಆ್ಯಪ್ ಇನ್ನೂ ಇದೆ. "ಮರುಪಾವತಿ ಪ್ರಕ್ರಿಯೆಯಲ್ಲಿದೆ" ಅಂತ ತೋರಿಸುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕಾಯುವಾಗ ಅದನ್ನು ಎಲ್ಲರಿಗೂ ತೋರಿಸುತ್ತಾರೆ. ಮೊನ್ನೆ ಮಗಳಿಗೆ ಬೆಂಗಳೂರಿಗೆ ಬಂದುಹೋಗುವ ಟಿಕೆಟ್ ಮಾಡಬೇಕಿತ್ತು. ನನಗೆ ಫೋನ್ ಬಂತು.

"ನಿನ್ನ ಕಾರ್ಡಲ್ಲೇ ಮಾಡಿಬಿಡೋ, ದುಡ್ಡು ಕಳಿಸ್ತೀನಿ."

"ಭಾವ, ನಾಳೆ ಡಿಸ್ಪ್ಯೂಟ್ ಹಾಕಬೇಕಾದವನು ಕಾರ್ಡಿನವನೇ. ನಿಮ್ಮದೇ ಒಂದು ಕಾರ್ಡ್ ಮಾಡಿಸಿಕೊಳ್ಳಿ."

"ಮಾಡಿಸಿದೆ ಕಣೋ, ಹೋದ ವಾರವೇ ಬಂತು. ಲಿಮಿಟ್ಟು 40,000. ಟಿಕೆಟ್ಟು 62,000."

ನನ್ನ ಕಾರ್ಡಿನಲ್ಲೇ ಮಾಡಿದೆ.