15 ವರ್ಷ ದಾಟಿದ ಆಲ್ಟೋಗೆ ಬ್ರೋಕರ್ ಇಲ್ದೆ ಆರ್‌ಸಿ ರಿನೀವಲ್ ಮಾಡಿಸ್ಕೊಂಡೆ – ನನ್ನ ಅನುಭವ

ಗುಜರಿಗೆ ಹಾಕು ಅಂದೋರೇ ಈಗ ಅಂಗಡಿಗೆ ಬಂದು ಹೆಂಗ್ ಮಾಡಿಸ್ದೆ ಅಂತ ಕೇಳ್ತಾವ್ರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ, ಒಂದೇ ಸಲ ಬರೆದುಬಿಡ್ತೀನಿ. ನಾನು ಕೋಲಾರದಲ್ಲಿ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡೋನು, ಇಪ್ಪತ್ತು ವರ್ಷದ ಮೇಲಾಯ್ತು, ಸುಟ್ಟೋಗಿರೋ ಮೋಟಾರೇ ಎಬ್ಬಿಸಿ ಕೂರಿಸ್ತೀನಿ, ನನ್ನ ಕಾರು ನಂಗೆ ಎಬ್ಬಿಸೋಕೆ ಬರಲ್ವಾ ಅನ್ನೋ ಹಠ ಮೊದಲಿಂದ್ಲೂ ಇತ್ತು.

ಗಾಡಿ 2009ರ ಆಲ್ಟೋ, ಪೆಟ್ರೋಲು, ಶೋರೂಮಿಂದ ನಾನೇ ಬಿಡಿಸಿದ್ದು. ಆಗ ಲೈಫ್‌ಟೈಮ್ ಟ್ಯಾಕ್ಸ್ ಅಂತ ಮೂವತ್ತು ಸಾವಿರದ ಆಸುಪಾಸು ಕಟ್ಟಿದ ನೆನಪು. ಓಡಿರೋದು ಒಂದು ಲಕ್ಷ ಹನ್ನೆರಡು ಸಾವಿರ ಕಿಲೋಮೀಟರ್ ಅಷ್ಟೇ. ಆಜೀವ ತೆರಿಗೆ ಕಟ್ಟಿದೀನಲ್ಲ ಇನ್ನೇನು ಅಂತ ನೆಮ್ಮದಿಯಾಗಿದ್ದೆ, ಆರ್‌ಸಿ 15 ವರ್ಷಕ್ಕೇ ಮುಗಿಯತ್ತೆ ಅನ್ನೋದು ಗೊತ್ತಿದ್ರೂ ತಾರೀಖು ಮರೆತಿದ್ದೆ. 2024ರ ಮೇ ತಿಂಗಳಿಗೆ ಮುಗಿದಿತ್ತು, ನಾನು ನೋಡಿದ್ದು ಡಿಸೆಂಬರ್‌ನಲ್ಲಿ. ಇದೇ ನಂಗೆ ದೊಡ್ಡ ಪೆಟ್ಟು, ಯಾಕಂದ್ರೆ ತಡ ಆದ ಪ್ರತಿ ತಿಂಗಳಿಗೂ ಕಾರಿಗೆ 500 ರೂಪಾಯಿ ದಂಡ. ಮುಗಿಯೋಕೆ 60 ದಿನ ಮುಂಚೇನೇ ಅರ್ಜಿ ಹಾಕಬಹುದು, ದಯವಿಟ್ಟು ಈಗ್ಲೇ ಎದ್ದು ನಿಮ್ಮ ಆರ್‌ಸಿ ತೆಗೆದು ನೋಡ್ಕೊಳಿ, ಮಿಕ್ಕಿದ್ದು ಆಮೇಲೆ ಓದಿ.

ಬ್ರೋಕರ್ ಕೇಳಿದ್ದು ಇಪ್ಪತ್ತೆರಡು ಸಾವಿರ, "ಎಲ್ಲಾ ಸೇರಿ ಅಣ್ಣ, ನೀವು ಬರೋದೂ ಬೇಡ" ಅಂದ. ಗುಜರಿಯವನು ಗಾಡಿಗೆ ಇಪ್ಪತ್ತೆಂಟು ಸಾವಿರ ಕೊಡ್ತೀನಿ ಅಂದ. ನನ್ನ ಹೆಂಡ್ತಿ ತಮ್ಮ ಬಂದು "ಭಾವ, ಡೆಲ್ಲೀಲಿ ಹದಿನೈದು ವರ್ಷದ ಗಾಡಿ ಓಡಿಸಂಗೇ ಇಲ್ಲ, ಇಲ್ಲೂ ಇವತ್ತಲ್ಲ ನಾಳೆ ಅದೇ ಬರತ್ತೆ, ಬುಟ್ಟಾಕಿ" ಅಂದ. ಡೆಲ್ಲಿ ಕಾನೂನು ಡೆಲ್ಲಿ ಸುತ್ತಮುತ್ತಕ್ಕೆ ಕಣಪ್ಪ, ಕೋಲಾರಕ್ಕಲ್ಲ ಅಂದ್ರೆ ಒಪ್ಪಲಿಲ್ಲ. 15 ವರ್ಷ ಆದ್ರೆ ಕಡ್ಡಾಯವಾಗಿ ತೆಗೀಬೇಕು ಅನ್ನೋದು 2023ರ ಏಪ್ರಿಲ್‌ನಿಂದ ಸರ್ಕಾರಿ ಗಾಡಿಗಳಿಗೆ. ನಮ್ಮಂತೋರ ಸ್ವಂತ ಗಾಡಿ ಪರೀಕ್ಷೆ ಪಾಸಾದ್ರೆ ಐದೈದು ವರ್ಷ ಮುಂದಕ್ಕೆ ಹೋಗತ್ತೆ.

ಹೊಸದು ತಗೊಳೋ ಲೆಕ್ಕನೂ ಹಾಕ್ದೆ. ಕರ್ನಾಟಕದಲ್ಲಿ 5 ಲಕ್ಷದ ಒಳಗಿನ ಕಾರಿಗೆ 13 ಪರ್ಸೆಂಟ್ ಟ್ಯಾಕ್ಸು, ಆ ಟ್ಯಾಕ್ಸಿನ ಮೇಲೆ 11 ಪರ್ಸೆಂಟ್ ಸೆಸ್ಸು, ಎರಡೂ ಸೇರಿ 14.43. ನಾಲ್ಕು ಲಕ್ಷದ ಕಾರು ಅಂದ್ರೆ ಐವತ್ತೇಳು ಸಾವಿರ ಚಿಲ್ರೆ ಬರೀ ಟ್ಯಾಕ್ಸು, ಅದೂ ಜಿಎಸ್‌ಟಿ ಸೇರಿದ ಬೆಲೆ ಮೇಲೆ. ಹತ್ತು ಲಕ್ಷ ದಾಟಿದ್ರೆ 17, ಇಪ್ಪತ್ತು ದಾಟಿದ್ರೆ 18. ಈಗ ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡ್ಸೋ ನಂಗೆ ಅದ್ಯಾಕೆ ಬೇಕು?

ಕೆಲಸ ಶುರು ಮಾಡಿದ್ಮೇಲೆ ಮೊದಲು ಅಡ್ಡ ಬಂದಿದ್ದು ಗಾಡಿ ಅಲ್ಲ, ಬ್ಯಾಂಕು. ಸಾಲ 2014ರಲ್ಲೇ ತೀರಿಸಿದ್ದೆ, ಆದ್ರೆ ಆರ್‌ಸಿ ಮೇಲೆ ಸಾಲದ ನಮೂದು ಹಂಗೇ ಕೂತಿತ್ತು. ಸಾಲ ಕೊಟ್ಟ ಬ್ಯಾಂಕು ಈಗ ಬೇರೆ ಬ್ಯಾಂಕಿನ ಜೊತೆ ಸೇರ್ಕೊಂಡಿದೆ, ಹಳೆ ಖಾತೆ ನಂಬರು ಅವರ ಕಂಪ್ಯೂಟರ್‌ನಲ್ಲಿ ಬರ್ತಾನೇ ಇಲ್ಲ, ಮ್ಯಾನೇಜರ್ ಹೊಸಬರು. ನಾಲ್ಕು ಸಲ ಹೋದೆ, ಒಂದೊಂದು ಸಲಾನೂ ಅರ್ಧ ದಿನದ ಅಂಗಡಿ ವ್ಯಾಪಾರ ಹೋಯ್ತು, ಅದನ್ನ ಲೆಕ್ಕಕ್ಕೆ ಹಿಡಿದ್ರೆ ಎರಡು ಸಾವಿರ. ಕೊನೆಗೆ ಹಳೆ ಪಾಸ್‌ಬುಕ್ಕಲ್ಲಿ ಕೊನೇ ಕಂತಿನ ಎಂಟ್ರಿ ಸಿಕ್ತು, ಅದನ್ನ ಇಟ್ಕೊಂಡು ಒಂದು ರೀತಿಲಿ ಕೇಳಿದ್ದಕ್ಕೆ ಎರಡು ದಿನಕ್ಕೆ ಸಾಲ ತೀರಿದೆ ಅನ್ನೋ ಎನ್‌ಒಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಫಾರಂ 35 ಎರಡೂ ಕೈಗೆ ಬಂತು. ಹೆಂಗ್ ಕೇಳ್ದೆ ಅನ್ನೋದು ಇಲ್ಲಿ ಬರೆಯಲ್ಲ, ಎಲ್ರೂ ಹಂಗೇ ಹೋದ್ರೆ ಆ ಬಾಗ್ಲೂ ಮುಚ್ಚೋಗತ್ತೆ. ಒಂದು ಮಾತು ಹೇಳ್ತೀನಿ, ಪಾಸ್‌ಬುಕ್ ಯಾವತ್ತೂ ಎಸೀಬೇಡಿ.

ಎರಡನೇದು ಹೊಗೆ. ಇಲ್ಲೇ ನಂಗೆ ಜಾಸ್ತಿ ದುಡ್ಡು ಹೋಗಿದ್ದು, ಇಲ್ಲೇ ನಂಗೆ ಹೆಮ್ಮೆನೂ ಇರೋದು. ಎಮಿಷನ್ ಟೆಸ್ಟಿಗೆ ಹಾಕಿದ್ರೆ ಕಾರ್ಬನ್ ಮೊನಾಕ್ಸೈಡ್ 1.9 ಪರ್ಸೆಂಟ್ ತೋರಿಸ್ತು. ನಮ್ಮ ಬಿಎಸ್ 3 (ಆಗಿನ ಹೊಗೆ ನಿಯಮದ) ಗಾಡಿಗೆ ಅರ್ಧ ಪರ್ಸೆಂಟ್ ಒಳಗಿರಬೇಕು. ಏರ್ ಫಿಲ್ಟರ್, ಮೂರು ಪ್ಲಗ್ಗು, ಥ್ರಾಟಲ್ ಬಾಡಿ ಕ್ಲೀನಿಂಗು ಎಲ್ಲಾ ಆಯ್ತು, ಒಂದೂಕಾಲಿಗೆ ಇಳೀತು, ಅಲ್ಲೇ ನಿಂತ್ಬಿಡ್ತು. ಹೊಗೇಲಿ ಆಮ್ಲಜನಕ ಎಷ್ಟಿದೆ ಅಂತ ನೋಡೋ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತ ಯಾರೋ ಅಂದ್ರು, 1,800 ಕೊಟ್ಟು ಹೊಸದು ಹಾಕ್ದೆ, ಕೂದ್ಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಒಂದು ಗ್ಯಾರೇಜಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರೇ ಬದಲಾಯಿಸ್ಬೇಕು, ಹದಿನೆಂಟು ಸಾವಿರ ಅಂದ್ರು. ಆ ರಾತ್ರಿ ನಿಜವಾಗ್ಲೂ ಗುಜರಿಯವನ ನಂಬರ್ ತೆಗೆದಿದ್ದೆ.

ಬೆಳಗ್ಗೆ ತಲೆಗೆ ಹೊಳೀತು. ಸೆನ್ಸರ್‌ಗಿಂತ ಮುಂಚೆ ಎಲ್ಲಾದ್ರೂ ಲೀಕ್ ಇದ್ರೆ ಹೊರಗಿನ ಗಾಳಿ ಒಳಗೆ ಎಳ್ಕೊಳತ್ತೆ, ಸೆನ್ಸರ್ ಅದನ್ನ ನೋಡಿ ಪೆಟ್ರೋಲ್ ಸಾಲಲ್ಲ ಅಂದ್ಕೊಳತ್ತೆ, ಇಸಿಎಂ, ಅಂದ್ರೆ ಇಂಜಿನ್ನಿನ ಕಂಪ್ಯೂಟರು, ಇನ್ನೂ ಪೆಟ್ರೋಲ್ ಸುರಿಯತ್ತೆ. ಅಂಗಡೀಲಿ ಮೋಟಾರ್ ಧೂಳು ಹೊಡೆಯೋ ಬ್ಲೋವರ್ ತಂದು ತಣ್ಣಗಿರೋ ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಇಟ್ಟು ಊದಿಸ್ದೆ, ಜಾಯಿಂಟ್‌ಗೆಲ್ಲ ಸೋಪಿನ ನೀರು ಹಚ್ದೆ. ಇಂಜಿನ್ನಿಂದ ಹೊಗೆ ಹೊರಗೆ ಬರೋ ಮ್ಯಾನಿಫೋಲ್ಡ್ ಹತ್ರ ಗುಳುಗುಳು ಅಂತ ಗುಳ್ಳೆ. ಅಲ್ಲಿ ಜಾಯಿಂಟ್ ಮುಚ್ಚೋ ಗ್ಯಾಸ್ಕೆಟ್ ಬರೀ ನೂರೈವತ್ತು ರೂಪಾಯಿ! ತುಕ್ಕು ಹಿಡಿದಿದ್ದ ಎರಡು ಸ್ಟಡ್ ಬಿಚ್ಚೋಕೆ ಒಂದು ದಿನ ಹಿಡೀತು ಅದು ಬೇರೆ. ಆಮೇಲೆ ಹೈವೇಲಿ ನರಸಾಪುರದ ತನಕ ಹೋಗಿ ವಾಪಸ್ ಬಂದು, ಇಂಜಿನ್ನು ಕನ್ವರ್ಟರ್ರು ಎರಡೂ ಚೆನ್ನಾಗಿ ಬಿಸಿ ಇರೋವಾಗ್ಲೇ ಟೆಸ್ಟಿಗೆ ಹಾಕಿದ್ರೆ 0.2. ಟೆಸ್ಟ್ ಮಾಡೋ ಹುಡುಗ ಎರಡು ಸಲ ಪೈಪ್ ತೆಗೆದು ಮತ್ತೆ ಇಟ್ಟು ನೋಡ್ದ.

ಮಧ್ಯದಲ್ಲಿ ಒಂದು ಪ್ರಯೋಗನೂ ಮಾಡ್ದೆ. ನಮ್ಮ ರಿವೈಂಡಿಂಗ್ ಇನ್ಸುಲೇಟಿಂಗ್ ವಾರ್ನಿಶ್ ಇರತ್ತಲ್ಲ, ಅದನ್ನ ಗಾಡಿ ಅಡಿಭಾಗಕ್ಕೆ ತುಕ್ಕು ಹಿಡೀದಂಗೆ ಎರಡು ಕೋಟ್ ಹೊಡ್ದೆ. ಕಾಯಿಲ್ ಮೇಲೆ ಕಲ್ಲಿನಂಗೆ ಕೂರತ್ತೆ, ತಗಡಿನ ಮೇಲೂ ಕೂರತ್ತೆ ಅಂದ್ಕೊಂಡಿದ್ದೆ. ಆದ್ರೆ ಅದು ಬೇಯಿಸಿದ್ರೇನೇ ಗಟ್ಟಿ ಆಗೋದು, ಕಾರನ್ನ ಓವನ್‌ಗೆ ಹಾಕೋಕಾಗಲ್ವಲ್ಲ, ಒಂದು ಮಳೆಗೆ ಹೊಪ್ಪಳಿಕೆ ಎದ್ದು ಬಂತು. ಹೀಟ್ ಗನ್ ಇಟ್ಟು ಒಂದಡಿ ಜಾಗಕ್ಕೆ ಮಾತ್ರ ಬೇಯಿಸಿ ನೋಡ್ದೆ, ಆ ಜಾಗ ಇವತ್ತಿಗೂ ಗಟ್ಟಿಯಾಗಿದೆ. ಪೂರ್ತಿ ಮಾಡೋಕೆ ತಾಳ್ಮೆ ಬೇಕು, ಯಾರಾದ್ರೂ ಮಾಡಿದ್ರೆ ಹೇಳಿ. ಹೆಡ್‌ಲೈಟ್ ಹಳದಿ ತೆಗೆಯೋಕೆ ಟೂತ್‌ಪೇಸ್ಟ್ ಹಚ್ಚೋದು ವೇಸ್ಟು, ವಾರಕ್ಕೆ ಮತ್ತೆ ಹಳದಿ. ಸಾವಿರ, ಎರಡು ಸಾವಿರ ನಂಬರ್ ವಾಟರ್ ಪೇಪರ್ ಉಜ್ಜಿ ಪಾಲಿಶ್ ಹಾಕಿ.

ಆರ್‌ಟಿಒ ಇನ್‌ಸ್ಪೆಕ್ಷನ್‌ಗೆ ಮೊದಲನೇ ಸಲ ಹೋದಾಗ ವಾಪಸ್ ಕಳಿಸಿದ್ರು, ತಪ್ಪು ನಂದೇ. ಹ್ಯಾಂಡ್‌ಬ್ರೇಕ್ ಹಿಡೀತಿರ್ಲಿಲ್ಲ, ಚಾಸಿ ನಂಬರು ಫೈರ್‌ವಾಲ್ (ಇಂಜಿನ್ ಹಿಂದಿನ ತಗಡು) ಮೇಲೆ ತುಕ್ಕಲ್ಲಿ ಓದೋಕೇ ಬರ್ತಿರ್ಲಿಲ್ಲ. ಹ್ಯಾಂಡ್‌ಬ್ರೇಕಿಗೆ ಶೂ ಬದಲಾಯಿಸಿ ಕೇಬಲ್ ಎಳೆದು ಅಂತರಗಂಗೆ ಬೆಟ್ಟದ ಕಡೆ ಏರಲ್ಲಿ ನಿಲ್ಲಿಸಿ ನೋಡ್ಕೊಂಡೆ, ಹತ್ತು ನಿಮಿಷ ಅಲ್ಲಾಡಲಿಲ್ಲ. ಚಾಸಿ ನಂಬರ್‌ಗೆ ಮಾತ್ರ ಯಾರೂ ಎಮರಿ ಪೇಪರ್ ಹಾಕಬೇಡಿ, ಅಕ್ಷರ ಸವೆದ್ರೆ ತಿದ್ದಿದಾನೆ ಅನ್ನೋ ಅನುಮಾನ ಬರತ್ತೆ, ಆಮೇಲೆ ಮುಗೀತು ಕಥೆ. ನಾನು ಅಂಗಡೀಲಿರೋ ಒಂದು ದ್ರವದಲ್ಲಿ ಹತ್ತಿ ಅದ್ದಿ ಇಟ್ಟು ತೆಗ್ದೆ, ಅಕ್ಷರ ಹೊಸ ನಾಣ್ಯದಂಗೆ ಎದ್ದು ಬಂತು. ಯಾವ ದ್ರವ ಅಂತ ಅಂಗಡಿಗೆ ಬಂದ್ರೆ ತೋರಿಸ್ತೀನಿ. ಎರಡನೇ ಸಲ ಕಾಲು ಗಂಟೇಲಿ ಎಲ್ಲಾ ನೋಡಿ ಬರ್ಕೊಂಡ್ರು, ಯಾರೂ ಒಂದು ರೂಪಾಯಿ ಕೇಳಲಿಲ್ಲ.

ಖರ್ಚು ನೆನಪಿಂದ ಹೇಳ್ತೀನಿ. ರಿನೀವಲ್ ಫೀಸು 5,000, ಕಾರ್ಡಿಗೆ 200, ಒಂಬತ್ತು ತಿಂಗಳ ತಡದ ದಂಡ ನಾಲ್ಕೂವರೆ ಸಾವಿರ, ಹಸಿರು ತೆರಿಗೆ 500, ಚಿಲ್ರೆ ಪಲ್ರೆ ಸೇರಿ ಹತ್ತೂವರೆ ಸಾವಿರದ ಹತ್ರ. ರಿಪೇರಿಗೆ ಎರಡು ಟೈರೂ ಸೇರಿ ಹದಿಮೂರೋ ಹದಿನಾಲ್ಕೋ. ನಂಬರ್ ಪ್ಲೇಟು, ಇನ್ಶೂರೆನ್ಸು ಹೆಂಗಿದ್ರೂ ಕಟ್ಟೋದೇ, ಅದನ್ನ ಸೇರಿಸಿಲ್ಲ. ದಂಡ ಒಂದು ಇಲ್ದಿದ್ರೆ ಕಾಗದದ ಕೆಲಸ ಪೂರ್ತಿ ಆರು ಸಾವಿರಕ್ಕೆ ಮುಗೀತಿತ್ತು. ಬ್ರೋಕರ್ ಇಪ್ಪತ್ತೆರಡು ಕೇಳಿದ್ನಲ್ಲ, ಅದರಲ್ಲಿ ರಿಪೇರಿ ಒಂದು ರೂಪಾಯಿದೂ ಇರ್ಲಿಲ್ಲ.

ಈಗ ನನ್ನ ಹೊಟ್ಟೇಲಿರೋದು ಹೇಳ್ತೀನಿ. ಹಸಿರು ತೆರಿಗೆ ಐದು ವರ್ಷಕ್ಕೆ 500, ವರ್ಷಕ್ಕೆ ನೂರು, ಅದಕ್ಕೆ ನನ್ನ ತಕರಾರೇ ಇಲ್ಲ, ಹಳೆ ಗಾಡಿ ಇಟ್ಕೊಂಡೋನು ಕೊಡ್ಬೇಕು. ಆದ್ರೆ ರಿನೀವಲ್ ಫೀಸು 2022ರ ಏಪ್ರಿಲ್‌ಗೆ ಮುಂಚೆ 600 ಇದ್ದಿದ್ದು ಒಂದೇ ಏಟಿಗೆ 5,000 ಆಯ್ತು. ನನ್ನ 800 ಸಿಸಿ ಆಲ್ಟೋಗೂ ಐದು, ಇದರ ಮೂರರಷ್ಟು ಇಂಜಿನ್ ಇರೋ ಡೀಸೆಲ್ ಗಾಡಿಗೂ ಐದು. ಅರ್ಧ ಲಕ್ಷ ಬಾಳೋ ಗಾಡಿಗೂ ಅದೇ, ಐದು ಲಕ್ಷ ಬಾಳೋದಕ್ಕೂ ಅದೇ. ಇದು ಸರಿ ಅಂತ ನಂಗೆ ಅನ್ಸಲ್ಲ. ಹಳೆ ಗಾಡಿ ಇಟ್ಕೊಳೋನು ಶೋಕಿಗೆ ಇಟ್ಕೊಳಲ್ಲ ಸ್ವಾಮಿ, ಹೊಸದಕ್ಕೆ ಗತಿ ಇಲ್ದೆ ಇಟ್ಕೊಳೋರೇ ನಮ್ಮ ಕಡೆ ಜಾಸ್ತಿ.

ನಮ್ಮಕ್ಕನ ಮಗ ಇಂಗ್ಲೆಂಡಲ್ಲಿ ಲೆಸ್ಟರ್‌ನಲ್ಲಿದಾನೆ. ಅಲ್ಲಿ ಕಾರಿಗೆ ವರ್ಷ ವರ್ಷ ಟ್ಯಾಕ್ಸ್ ಕಟ್ಬೇಕು. 2001ರಿಂದ 2017ರ ತನಕ ನೋಂದಣಿ ಆದ ಕಾರಿಗೆ ಹೊಗೇಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಬಿಡತ್ತೆ ಅನ್ನೋದ್ರ ಮೇಲೆ ದರ, ಅದಾದ್ಮೇಲಿನ ಕಾರುಗಳಿಗೆ ಎರಡನೇ ವರ್ಷದಿಂದ ಹೆಚ್ಚುಕಮ್ಮಿ ಎಲ್ಲಕ್ಕೂ ಒಂದೇ, 2025ರ ಏಪ್ರಿಲ್‌ನಲ್ಲಿ 195 ಪೌಂಡ್ ಮಾಡಿದ್ರು, ಎಲೆಕ್ಟ್ರಿಕ್ ಕಾರಿನೋರೂ ಆವತ್ತಿಂದ ಕಟ್ತಾವ್ರೆ. "ಮಾವ, ಇಲ್ಲೂ ಇದೇ ಜಗಳ" ಅಂತಾನೆ. ನಂಗೆ ಅವರ ಹಳೇ ಪದ್ಧತಿನೇ ನ್ಯಾಯ ಅನ್ಸತ್ತೆ. ಹೊಗೆ ನೋಡಿ ಹಾಕಿ, ನಾನು 0.2 ಚೀಟಿ ಹಿಡ್ಕೊಂಡು ಮೊದಲು ಬಂದು ನಿಲ್ತೀನಿ. ಗ್ಯಾಸ್ಕೆಟ್ ಬದಲಾಯಿಸಿದ್ರೆ ಫೀಸು ಕಮ್ಮಿ ಆಗತ್ತೆ ಅಂದ್ರೆ ಊರೋರೆಲ್ಲ ಬದಲಾಯಿಸ್ತಾರೆ, ಹೊಗೆನೂ ಕಮ್ಮಿ ಆಗತ್ತೆ. ಈಗ ಹೊಗೆ ಉಗುಳೋನೂ ಅಷ್ಟೇ ಕಟ್ತಾನೆ, ಸರಿ ಮಾಡಿಸ್ಕೊಂಡೋನೂ ಅಷ್ಟೇ ಕಟ್ತಾನೆ.

2025ರ ಆಗಸ್ಟ್‌ನಲ್ಲಿ ಇನ್ನೊಂದು ಬಂದಿದೆ, 20 ವರ್ಷ ದಾಟಿದ ಕಾರಿಗೆ ರಿನೀವಲ್ 10,000, ಬೈಕಿಗೆ 2,000. ಮುಂದಿನ ಸಲ ಬರೋ ಹೊತ್ತಿಗೆ ನನ್ನ ಗಾಡಿಗೂ 20 ಆಗಿರತ್ತೆ. ತಿಂಗಳಿಗೆ ಇನ್ನೂರರಂತೆ ಬೇರೆ ಡಬ್ಬೀಲಿ ಹಾಕ್ತಾ ಬಂದಿದೀನಿ, ಆರ್‌ಸಿ ಮುಗಿಯೋ ತಾರೀಖನ್ನ ಅಂಗಡಿ ಗೋಡೆ ಮೇಲೆ ಪೇಂಟಲ್ಲಿ ಬರೆಸಿದೀನಿ. ಅದರ ಕೆಳಗೇನೇ ಮಗನ ಹಳೆ ಸ್ಕೂಟರ್ದೂ ಬರೆಸಿದೀನಿ, ಅದರ ಅರವತ್ತು ದಿನ ಮುಂದಿನ ತಿಂಗಳು ಶುರು ಆಗತ್ತೆ, ರಿನೀವಲ್ ಅರ್ಜಿ ಫಾರಂ 25 ಆಗ್ಲೇ ತುಂಬಿಸಿಟ್ಟಿದೀನಿ.