ಸಾವಿರ ರೂಪಾಯಿ ಒಳಗಿನ ಇಯರ್‌ಫೋನ್: ಹಾಡು ಹಾಕುವ ಮೊದಲು ಕಿವಿಗೆ ಕೂರಿಸಿ

ಬೆಂಗಳೂರಿನ ಎಸ್.ಪಿ. ರೋಡ್ ಇರಲಿ, ನಿಮ್ಮೂರಿನ ಮೊಬೈಲ್ ಅಂಗಡಿ ಇರಲಿ, ಕಡಿಮೆ ಬೆಲೆಯ ಇಯರ್‌ಫೋನ್ ಕೇಳಿದರೆ ಡಬ್ಬಿ ಕೈಗೆ ಕೊಡುತ್ತಾರೆ. ಕಿವಿಗೆ ಹಾಕಿ ನೋಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಕಿವಿಯೊಳಗೆ ಹೋಗುವ ವಸ್ತು, ಅವರದ್ದೂ ತಪ್ಪಲ್ಲ. ಹಾಗಾಗಿ ಪರೀಕ್ಷೆ ಮನೆಯಲ್ಲೇ ಆಗಬೇಕು. ಖರೀದಿಸುವ ಮೊದಲೇ ವಾಪಸಾತಿಯ ನಿಯಮ ಕೇಳಿಟ್ಟುಕೊಳ್ಳಿ. ಇಲ್ಲಿ ಹೇಳುತ್ತಿರುವುದು ವೈರ್ ಇರುವ ಇಯರ್‌ಫೋನ್‌ಗಳ ಬಗ್ಗೆ. ಬ್ಲೂಟೂತ್ ಬಡ್ಸ್‌ಗೂ ಹೆಚ್ಚಿನದೆಲ್ಲ ಹೊಂದುತ್ತದೆ.

ಡಬ್ಬಿಯ ಮೇಲಿನ ಅಂಕಿಗಳನ್ನು ಜಾಸ್ತಿ ನಂಬಬೇಡಿ. '20ರಿಂದ 20,000 ಹರ್ಟ್ಸ್' ಎಂದು ಬಹುತೇಕ ಎಲ್ಲರೂ ಅಚ್ಚು ಹಾಕುತ್ತಾರೆ. ಅದು ಮನುಷ್ಯರ ಕಿವಿಗೆ ಕೇಳಿಸುವ ವ್ಯಾಪ್ತಿ, ಅಷ್ಟೇ. ಆ ವ್ಯಾಪ್ತಿಯಲ್ಲಿ ಯಾವುದು ಜೋರು, ಯಾವುದು ಮೆತ್ತಗೆ ಎಂಬುದು ಡಬ್ಬಿ ಮೇಲೆ ಇರುವುದಿಲ್ಲ. ನಮಗೆ ಬೇಕಾದದ್ದು ಅದೇ. ಡ್ರೈವರ್ (ಒಳಗೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್) 10 ಮಿಲಿಮೀಟರೋ 14 ಮಿಲಿಮೀಟರೋ ಎಂಬುದೂ ಸುಮ್ನೆ ಒಂದು ಅಳತೆ. ದೊಡ್ಡದಾದ ಮಾತ್ರಕ್ಕೆ ಧ್ವನಿ ಚೆನ್ನಾಗಿರುವುದಿಲ್ಲ.

ಮೊದಲ ಕೆಲಸ: ಟಿಪ್ ಹೊಂದಿಸುವುದು

ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಹೀಗೆ ಮೂರು ಜೊತೆ ಸಿಲಿಕೋನ್ ಟಿಪ್, ಅಂದರೆ ಕಿವಿಯೊಳಗೆ ಕೂರುವ ಮೆತ್ತನೆಯ ತುದಿಗಳು, ಸಾಮಾನ್ಯವಾಗಿ ಇರುತ್ತವೆ. ಬಹಳ ಜನ ಮಧ್ಯಮ ಟಿಪ್‌ನಲ್ಲೇ ಕೇಳಿ, 'ಬಾಸ್ ಇಲ್ಲ, ಕೀರಲು ಧ್ವನಿ' ಎಂದು ಮೂಲೆಗೆ ಎಸೆಯುತ್ತಾರೆ. ಇಯರ್‌ಫೋನ್‌ಗೂ ಕಿವಿಯ ತಮಟೆಗೂ ನಡುವಿನ ಗಾಳಿ ಮುಚ್ಚಿದ ಜಾಗದಲ್ಲಿ ಇದ್ದರೆ ಮಾತ್ರ ತಗ್ಗಿನ ಸ್ವರ, ಅಂದರೆ ಬಾಸ್, ಗಟ್ಟಿಯಾಗಿ ಕೇಳುತ್ತದೆ. ಕೂದಲೆಳೆಯಷ್ಟು ಸಂದಿ ಇದ್ದರೂ ಬಾಸ್ ಸೋರಿಹೋಗುತ್ತದೆ. ಮೇಲಿನ ಸ್ವರಗಳು ಹಾಗೇ ಉಳಿಯುವುದರಿಂದ ಎಲ್ಲ ಚೂಪಾಗಿ ಕೇಳುತ್ತದೆ. ಅಂದರೆ ಇಯರ್‌ಫೋನ್ ಸರಿಯಾಗಿ ಕೂತಿದೆಯೇ ಎಂದು ತಿಳಿಯದೆ ಧ್ವನಿಯ ಬಗ್ಗೆ ಏನು ಹೇಳಿದರೂ ಪ್ರಯೋಜನವಿಲ್ಲ.

ಹಾಕುವ ಕ್ರಮವೂ ಇದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲಂಚನ್ನು ಮೇಲಕ್ಕೆ, ಹಿಂದಕ್ಕೆ ಮೆಲ್ಲಗೆ ಎಳೆಯಿರಿ. ಬಾಯಿ ಸ್ವಲ್ಪ ತೆರೆಯಿರಿ. ಈಗ ಇಯರ್‌ಫೋನ್ ತಿರುಗಿಸುತ್ತಾ ಒಳಗೆ ಕೂರಿಸಿ, ಎಳೆದ ಕಿವಿ ಬಿಡಿ. ಬಾಸ್ ಇರುವ ಯಾವುದಾದರೂ ಹಾಡು ಹಾಕಿ, ಇಯರ್‌ಫೋನನ್ನು ಬೆರಳಿನಿಂದ ಹಗುರವಾಗಿ ಒತ್ತಿ. ಒತ್ತಿದಾಗ ಬಾಸ್ ದಿಢೀರನೆ ಏರಿತೇ? ಹಾಗಾದರೆ ಸಂದಿ ಇದೆ, ಒಂದು ಅಳತೆ ದೊಡ್ಡ ಟಿಪ್ ಹಾಕಿ. ಆಮೇಲೆ ಒಂದು ಚಕ್ಕುಲಿ ತಿನ್ನಿ. ದವಡೆ ಆಡಿದಾಗ ಕಿವಿಯ ಕೊಳವೆಯ ಆಕಾರ ಬದಲಾಗುತ್ತದೆ. ಸಡಿಲವಾದ ಟಿಪ್ ಅಲ್ಲೇ ಸಿಕ್ಕಿಬೀಳುತ್ತದೆ. ಎರಡೂ ಕಿವಿಗೆ ಒಂದೇ ಅಳತೆ ಆಗಬೇಕೆಂದಿಲ್ಲ. ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮ ಹೊಂದಿದರೆ ಹಾಗೇ ಹಾಕಿಕೊಳ್ಳಿ.

ಹಾಕುವಾಗ ಒಳಗೆ 'ಪಟ್' ಎಂದರೆ ಗಾಬರಿ ಬೇಡ. ಗಾಳಿಯ ಒತ್ತಡಕ್ಕೆ ಡ್ರೈವರ್‌ನ ತೆಳು ಪೊರೆ ಬಾಗುವ ಸದ್ದು ಅದು.

ಹಾಡಿಲ್ಲದೆ ಒಂದು ಗಂಟೆ

ಈಗ ಹಾಡು ನಿಲ್ಲಿಸಿ. ಇಯರ್‌ಫೋನ್ ಹಾಕಿಕೊಂಡೇ ಪಾತ್ರೆ ತೊಳೆಯಿರಿ, ಬಟ್ಟೆ ಮಡಚಿ. ಹಾಡು ಕೇಳುತ್ತಿದ್ದರೆ ಸಣ್ಣ ನೋವು ಗಮನಕ್ಕೆ ಬರುವುದಿಲ್ಲ. ನೋವು ಎಲ್ಲಿ ಎಂದು ನೋಡಿ. ಕೊಳವೆಯ ಒಳಗೆ ಒತ್ತಿದಂತಾದರೆ ಟಿಪ್ ದೊಡ್ಡದಾಗಿದೆ. ಸಣ್ಣದಕ್ಕೆ ಇಳಿಯಿರಿ, ಇಲ್ಲವೇ ಬೇರೆಯಾಗಿ ಸಿಗುವ ಫೋಮ್ ಟಿಪ್ ಹಾಕಿ. ಹೊರಗಿನ ಬಟ್ಟಲಿನಂಥ ಭಾಗದಲ್ಲಿ ನೋವಾದರೆ ಇಯರ್‌ಫೋನಿನ ಮೈ ಚುಚ್ಚುತ್ತಿದೆ ಎಂದರ್ಥ. ಅದಕ್ಕೆ ಮದ್ದಿಲ್ಲ.

ಮನೆಯೊಳಗೆ ನಾಲ್ಕು ಹೆಜ್ಜೆ ನಡೆಯಿರಿ. ನಿಮ್ಮದೇ ಹೆಜ್ಜೆ ತಲೆಯೊಳಗೆ ದಬ್ ದಬ್ ಎನ್ನುತ್ತದೆ. ಕಿವಿ ಮುಚ್ಚಿದಾಗ ಮೂಳೆಯ ಮೂಲಕ ಬಂದ ಸದ್ದು ಹೊರಗೆ ಹೋಗದೆ ಅಲ್ಲೇ ಉಳಿಯುವುದು ಇದಕ್ಕೆ ಕಾರಣ. ಸ್ವಲ್ಪ ಮಟ್ಟಿಗೆ ಎಲ್ಲ ಇನ್-ಇಯರ್‌ಗಳಲ್ಲೂ ಇದು ಇದ್ದದ್ದೇ. ಆದರೆ ವೈರ್ ಅಂಗಿಗೆ ಉಜ್ಜಿದಾಗ ಬರುವ ಕರಕರ ಸದ್ದು ಕಡಿಮೆ ಮಾಡಬಹುದು: ವೈರನ್ನು ಕಿವಿಯ ಮೇಲಿಂದ ಸುತ್ತಿ ತನ್ನಿ. ಕನ್ನಡಕ ಹಾಕುವವರು ಅದನ್ನೂ ಹಾಕಿಕೊಂಡೇ ನೋಡಬೇಕು, ಕಡ್ಡಿಗೂ ವೈರಿಗೂ ಒಂದೇ ಜಾಗ ಅಲ್ವಾ?

ಈಗ ಧ್ವನಿ

ಫೋನಿನ ಈಕ್ವಲೈಜರ್ (ತಗ್ಗಿನ, ಮೇಲಿನ ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್), ಡಾಲ್ಬಿ, 'ಬಾಸ್ ಬೂಸ್ಟ್' ಎಲ್ಲ ಆಫ್ ಮಾಡಿ. ಆ್ಯಪ್‌ನಲ್ಲಿ ಹೆಚ್ಚಿನ ಗುಣಮಟ್ಟದ ಆಯ್ಕೆ ಒತ್ತಿ. ಹಳೆಯ ಇಯರ್‌ಫೋನ್ ಜೊತೆ ಹೋಲಿಸುವುದಾದರೆ ಎರಡರಲ್ಲೂ ಒಬ್ಬರೇ ಮಾತಾಡುವ ರೆಕಾರ್ಡಿಂಗ್ ಹಾಕಿ, ಎದುರು ಕೂತು ಮಾತಾಡಿದಷ್ಟೇ ಜೋರಿಗೆ ವಾಲ್ಯೂಮ್ ಹೊಂದಿಸಿಕೊಳ್ಳಿ. ಚೂರು ಜೋರಾಗಿರುವುದೇ ನಮ್ಮ ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ. ಈ ಮೋಸಕ್ಕೆ ಹಳಬರೂ ಬೀಳುತ್ತಾರೆ.

ಎಡ-ಬಲ ಮೊದಲು ನೋಡಿ. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎರಡೂ ಕಿವಿಗೆ ಒಂದೇ ಧ್ವನಿ ಕಳಿಸುವ ಮೋನೋ ಆಡಿಯೋ ಆನ್ ಮಾಡಿ. ಧ್ವನಿ ತಲೆಯ ನಟ್ಟನಡುವೆ ಕೇಳಬೇಕು. ಎಡಕ್ಕೆ ವಾಲಿದರೆ ಇಯರ್‌ಫೋನ್‌ಗಳನ್ನು ಅದಲುಬದಲು ಮಾಡಿ ಹಾಕಿ. ವಾಲುವಿಕೆ ಬಲಕ್ಕೆ ಬಂದರೆ ದೋಷ ಇಯರ್‌ಫೋನಿನದ್ದು. ಎಡದಲ್ಲೇ ಉಳಿದರೆ ಬಲಗಿವಿಯಲ್ಲಿ ಗುಗ್ಗೆ ಇರಬಹುದು.

ಬಾಸ್‌ಗೆ ಮೃದಂಗದಂಥ ಪರೀಕ್ಷಕ ಇನ್ನೊಂದಿಲ್ಲ. ಅದರ ಎಡ ಮುಖದ ಮೇಲೆ ಕೈ ಜಾರಿಸಿ ನುಡಿಸುವ ಗುಮ್ಕಿ ಕೇಳಿ. ಕೈ ಜಾರಿದಂತೆ ಸ್ವರವೂ ಜಾರುವುದು ಗೊತ್ತಾಗಬೇಕು. ಬರೀ 'ಗುಂಯ್' ಎಂದು ಉಬ್ಬಿ ನಿಂತರೆ, ಕಡಿಮೆ ಬೆಲೆಯವುಗಳ ಮಾಮೂಲಿ ರೋಗ ಇದಕ್ಕೂ ಇದೆ. 100ರಿಂದ 250 ಹರ್ಟ್ಸ್ ಸುತ್ತಲಿನ ತಗ್ಗಿನ ಸ್ವರಗಳನ್ನು ಅತಿಯಾಗಿ ಎತ್ತಿದಾಗ ಹೀಗಾಗುತ್ತದೆ. ಗಂಡುದನಿಯ ಗಾಯಕರು ಕಂಬಳಿ ಹೊದ್ದು ಹಾಡಿದಂತೆ ಕೇಳುತ್ತಾರೆ.

ಮೇಲಿನ ಸ್ವರಕ್ಕೆ ವಾರ್ತೆ ಓದುವವರ ದನಿ ಸಾಕು. ಸ, ಶ, ಷ ಬಂದಾಗಲೆಲ್ಲ ಕಿವಿಗೆ ಸೂಜಿ ಚುಚ್ಚಿದಂತಾದರೆ ಅರ್ಧ ಗಂಟೆಗೆ ಸುಸ್ತಾಗುತ್ತೀರಿ. ಜೊತೆಗೆ ತೆಂಕುತಿಟ್ಟಿನ ಯಕ್ಷಗಾನದ ಒಳ್ಳೆಯ ರೆಕಾರ್ಡಿಂಗ್ ಒಂದನ್ನು ಹಾಕಿ. ಚೆಂಡೆ, ಚಕ್ರತಾಳ (ಲೋಹದ ದೊಡ್ಡ ತಾಳ) ಎರಡೂ ಅಬ್ಬರಿಸುವಾಗ ಭಾಗವತರ ಸಾಹಿತ್ಯ ಅಕ್ಷರ ಅಕ್ಷರವಾಗಿ ಕೇಳಿಸುತ್ತಿದೆಯೇ? ಐನೂರು ರೂಪಾಯಿಯದ್ದು ಇಲ್ಲಿ ಪಾಸಾದರೆ ಕಣ್ಣುಮುಚ್ಚಿ ಇಟ್ಟುಕೊಳ್ಳಿ. ನನ್ನ ಮಟ್ಟಿಗೆ ಇದು ಉಳಿದೆಲ್ಲ ಪರೀಕ್ಷೆಗಿಂತ ಕಠಿಣ.

ಬಸ್ಸಿನಲ್ಲಿ

ಮನೆಯ ಮೌನದಲ್ಲಿ ಚೆನ್ನಾಗಿದ್ದದ್ದು ಬಸ್ಸಿನ ಇಂಜಿನ್ ಗದ್ದಲದಲ್ಲಿ ಸೋಲಬಹುದು. ಅಲ್ಲಿ ವಾಲ್ಯೂಮ್ ಎಷ್ಟು ಏರಿಸಬೇಕಾಗುತ್ತದೆ ಎಂದು ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ ಮಿತಿ. ಮಕ್ಕಳಿಗೆ ಅದು 75 ಡೆಸಿಬಲ್. ಟಿಪ್ ಬಿಗಿಯಾಗಿ ಕೂತಷ್ಟೂ ಹೊರಗಿನ ಸದ್ದು ತಗ್ಗಿ ಕಡಿಮೆ ವಾಲ್ಯೂಮ್ ಸಾಕಾಗುತ್ತದೆ. ರಸ್ತೆ ದಾಟುವಾಗ, ಗಾಡಿ ಓಡಿಸುವಾಗ ಮಾತ್ರ ತೆಗೆದಿಡಿ.

ಮೈಕ್ ಪರೀಕ್ಷೆಗೆ ಫ್ಯಾನ್ ಕೆಳಗೆ ಕೂತು ಒಂದು ರೆಕಾರ್ಡಿಂಗ್ ಮಾಡಿ ಕೇಳಿದರೆ ಆಯಿತು.

ಇಟ್ಟುಕೊಳ್ಳಬೇಕೇ, ವಾಪಸು ಕೊಡಬೇಕೇ? ಬಾಸ್ ಸ್ವಲ್ಪ ಜಾಸ್ತಿ, 'ಸ' ಸ್ವಲ್ಪ ಚೂಪು ಎಂಬಂಥ ದೂರುಗಳಿಗೆ ಈಕ್ವಲೈಜರ್ ಇದೆ. ಆ ಭಾಗವನ್ನು ಎರಡು-ಮೂರು ಡೆಸಿಬಲ್ ಇಳಿಸಿ ನೋಡಿ. ಹೊರಗಿವಿ ನೋವು, ಒಂದು ಕಡೆ ವಾಲುವ ಧ್ವನಿ, ಜ್ಯಾಕ್ ಹತ್ತಿರ ವೈರ್ ಅಲ್ಲಾಡಿಸಿದಾಗ ಕಟ್ ಆಗುವ ಹಾಡು, ಈ ಮೂರರಲ್ಲಿ ಒಂದಿದ್ದರೂ ಬಿಲ್ ಹಿಡಿದು ಅಂಗಡಿಗೆ ಹೊರಡಿ.