ಪಿಪಿಎಫ್ ಮಿತಿ: ಹೆಚ್ಚುವರಿ ಹಣ ಬಡ್ಡಿಯಿಲ್ಲದೆ ಬೀಳದಂತೆ ಕಟ್ಟುವುದು ಹೇಗೆ?

ಪಿಪಿಎಫ್‌ಗೆ, ಅಂದರೆ ಸರ್ಕಾರದ ಸಾರ್ವಜನಿಕ ಭವಿಷ್ಯ ನಿಧಿ ಉಳಿತಾಯ ಯೋಜನೆಗೆ, ವರ್ಷಕ್ಕೆ 1.5 ಲಕ್ಷ ರೂಪಾಯಿಗಿಂತ ಜಾಸ್ತಿ ಕಟ್ಟುವ ಹಾಗಿಲ್ಲ ಅನ್ನೋದು ಬಹಳ ಜನರಿಗೆ ಗೊತ್ತು. ಆದರೆ ಆ ಮಿತಿ ಒಂದು ಖಾತೆಗೋ, ಒಬ್ಬ ವ್ಯಕ್ತಿಗೋ, ಇಡೀ ಮನೆಗೋ ಎಂದು ಕೇಳಿ ನೋಡಿ. ಅಲ್ಲೇ ಗೊಂದಲ ಶುರು.

ಮೊದಲು ಪಾಸ್‌ಬುಕ್ ಎಂಟ್ರಿ ಮಾಡಿಸಿ. ಏಪ್ರಿಲ್ 1ರಿಂದ ಈಚೆಗೆ ನೀವು ಕಟ್ಟಿದ್ದನ್ನು ಮಾತ್ರ ಕೂಡಿ. ಮಾರ್ಚ್ 31ಕ್ಕೆ ಜಮೆಯಾಗುವ ಬಡ್ಡಿ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಸುಮ್ನೆ ಅದನ್ನೂ ಸೇರಿಸಿಕೊಂಡು ಕಡಿಮೆ ಕಟ್ಟುವವರಿದ್ದಾರೆ.

ಎರಡನೆಯದು ಮಕ್ಕಳ ಖಾತೆ. ಎಡವುವವರೆಲ್ಲ ಇಲ್ಲೇ ಎಡವುವುದು. ಅಪ್ರಾಪ್ತ ಮಗುವಿನ ಹೆಸರಿನಲ್ಲಿ ಪಿಪಿಎಫ್ ತೆರೆದರೆ ಅದಕ್ಕೆ ಬೇರೆ 1.5 ಲಕ್ಷ ಸಿಗುವುದಿಲ್ಲ. ಖಾತೆ ತೆರೆದ ಪೋಷಕರ ಮಿತಿಯೊಳಗೇ ಅದೂ ಬರಬೇಕು. ಅಪ್ಪ ತನ್ನ ಖಾತೆಗೆ 1 ಲಕ್ಷ, ಮಗನ ಖಾತೆಗೆ 1 ಲಕ್ಷ ಕಟ್ಟಿದರು ಅಂದುಕೊಳ್ಳಿ. 50 ಸಾವಿರ ಹೆಚ್ಚಾಯಿತು. ಅದಕ್ಕೆ ಬಡ್ಡಿಯೂ ಇಲ್ಲ, ತೆರಿಗೆ ವಿನಾಯಿತಿಯೂ ಇಲ್ಲ. ಒಂದೇ ಖಾತೆಗೆ ಮಿತಿ ಮೀರಿ ಹಾಕಲು ಹೋದರೆ ಸಾಮಾನ್ಯವಾಗಿ ಕಂಪ್ಯೂಟರೇ ತಡೆಯುತ್ತದೆ. ಆದರೆ ನಿಮ್ಮದು ಬ್ಯಾಂಕಿನಲ್ಲಿ, ಮಗುವಿನದು ಅಂಚೆ ಕಚೇರಿಯಲ್ಲಿ ಇದ್ದರೆ ಎರಡನ್ನೂ ಕೂಡಿ ನೋಡುವವರು ಯಾರು? ನೀವೇ. ಗಂಡ ಹೆಂಡತಿಗೆ ಮಾತ್ರ ಬೇರೆ ಬೇರೆ ಮಿತಿ. ಹಾಗಾಗಿ ಅಪ್ಪ ತನ್ನ ಮಿತಿ ಪೂರ್ತಿ ತುಂಬುತ್ತಿದ್ದರೆ ಮಗುವಿನ ಖಾತೆಯನ್ನು ಅಮ್ಮನೇ ತೆರೆಯಲಿ. ಒಂದು ಮಗುವಿಗೆ ಇಬ್ಬರೂ ಒಂದೊಂದು ತೆರೆಯುವಂತಿಲ್ಲ. ಹಾಗೆಯೇ ನಿಮ್ಮ ಹೆಸರಿನಲ್ಲೂ ಒಂದೇ ಪಿಪಿಎಫ್. ಇನ್ನೊಂದು ಬ್ಯಾಂಕಿಗೆ ಹೋಗಿ ಎರಡನೆಯದು ತೆರೆಯುವ ಜಾಣತನ ಬೇಡ.

ಹೆಣ್ಣುಮಕ್ಕಳ ಹೆಸರಿನ ಸರ್ಕಾರಿ ಉಳಿತಾಯ ಯೋಜನೆ ಸುಕನ್ಯಾ ಸಮೃದ್ಧಿಯ ದಾರಿಯೇ ಬೇರೆ. ಮಗಳ ಆ ಖಾತೆಗೆ ತನ್ನದೇ ಆದ 1.5 ಲಕ್ಷದ ಮಿತಿ ಇದೆ, ನಿಮ್ಮ ಪಿಪಿಎಫ್‌ಗೆ ಸಂಬಂಧವಿಲ್ಲ. ಮಗಳಿಗೆ 10 ವರ್ಷ ತುಂಬಿಲ್ಲದಿದ್ದರೆ ಪಿಪಿಎಫ್ ಬಿಟ್ಟು ಇದನ್ನೇ ತೆರೆಯಿರಿ ಎನ್ನುತ್ತೇನೆ, ಬಡ್ಡಿಯೂ ಜಾಸ್ತಿ. "ಮಕ್ಕಳ ಪ್ಲಾನ್" ಎಂದು ಏಜೆಂಟರು ತರುವ ಮನಿಬ್ಯಾಕ್ ಪಾಲಿಸಿಗಳನ್ನು ಬಾಗಿಲಲ್ಲೇ ವಾಪಸ್ ಕಳಿಸಿ. ಅಂದಹಾಗೆ, ಹಳೆಯ ಆದಾಯ ತೆರಿಗೆ ಕಾಯ್ದೆಯ 80ಸಿ ಅಡಿ ಸಿಗುತ್ತಿದ್ದ 1.5 ಲಕ್ಷದ ತೆರಿಗೆ ವಿನಾಯಿತಿಯನ್ನು ಈ ಕಟ್ಟುವ ಮಿತಿಯ ಜೊತೆ ಕಲಸಬೇಡಿ. ಪಿಪಿಎಫ್, ಸುಕನ್ಯಾ ಎರಡೂ ಖಾತೆಗೆ ಒಟ್ಟು 3 ಲಕ್ಷ ಕಟ್ಟಬಹುದು, ಆದರೆ ವಿನಾಯಿತಿ ಒಂದೂವರೆ ಲಕ್ಷಕ್ಕಷ್ಟೇ. ಹೊಸ ತೆರಿಗೆ ಪದ್ಧತಿಯಲ್ಲಿ ಅದೂ ಇಲ್ಲ.

ಇನ್ನು ಯಾವಾಗ ಕಟ್ಟಬೇಕು? ತಿಂಗಳ 5ನೇ ತಾರೀಖಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಬಡ್ಡಿ ಲೆಕ್ಕ. ಏಪ್ರಿಲ್ 5ರ ಬದಲು 6ಕ್ಕೆ 1.5 ಲಕ್ಷ ಕಟ್ಟಿದರೆ, ಶೇ 7.1ರ ದರದಲ್ಲಿ ಸುಮಾರು 887 ರೂಪಾಯಿ ಹೋಯಿತು. ಚೆಕ್ ಆದರೆ ನೀವು ಕೊಟ್ಟ ದಿನವಲ್ಲ, ಹಣ ಜಮೆಯಾದ ದಿನವೇ ಲೆಕ್ಕ. ಆದ್ದರಿಂದ ಮಾರ್ಚ್ 30ಕ್ಕೆ ಚೆಕ್ ಹಿಡಿದು ಓಡಬೇಡಿ. ಒಟ್ಟಿಗೆ ಕಟ್ಟಲು ಆಗದವರು ಪ್ರತಿ ತಿಂಗಳ 1ಕ್ಕೆ 12,500 ರೂಪಾಯಿ ತಾನಾಗಿ ಹೋಗುವಂತೆ ಮಾಡಿಡಿ. ಹಾಗೆ ಮಾಡಿದ ಮೇಲೆ ಬೋನಸ್ ಬಂತೆಂದು ಇನ್ನೊಂದಿಷ್ಟು ತುಂಬಬೇಡಿ, ಮಿತಿ ದಾಟುವುದು ಹಾಗೇ ಅಲ್ವಾ?

ಕನಿಷ್ಠ ಮೊತ್ತ ಸುಲಭ: ವರ್ಷಕ್ಕೆ ಪಿಪಿಎಫ್‌ಗೆ 500, ಸುಕನ್ಯಾಗೆ 250. ತಪ್ಪಿದರೆ ವರ್ಷಕ್ಕೆ 50 ರೂಪಾಯಿ ದಂಡ, ಬಾಕಿ ಬೇರೆ.

ಈಗಾಗಲೇ ಪಿಪಿಎಫ್‌ಗೆ ಹೆಚ್ಚು ಕಟ್ಟಿದ್ದರೆ ನಿಮ್ಮದು, ಮಗುವಿನದು ಎರಡೂ ಪಾಸ್‌ಬುಕ್‌ನ ನಕಲು ಇಟ್ಟು, ಹೆಚ್ಚುವರಿ ಹಣ ವಾಪಸ್ ಕೊಡಿ ಎಂದು ಶಾಖೆಗೆ ಪತ್ರ ಬರೆಯಿರಿ. ಹಣ ಬಡ್ಡಿಯಿಲ್ಲದೆ ಬರುತ್ತದೆ, ಹಾಗಾಗಿ ಮುಂದಿನ ಮಾರ್ಚ್‌ವರೆಗೆ ಕಾಯಬೇಡಿ.